ಮೊದಲು ಒಂದು ಅಂಗಿಯ ಲೆಕ್ಕ ಬರೆಯಿರಿ

ಬಿಟಿಎಂ ಲೇಔಟಿನಲ್ಲಿ ಗಾರ್ಮೆಂಟ್ಸ್ ಯೂನಿಟ್ ಹಾಕಬೇಕೆಂದು ಸಲಹೆ ಕೇಳಲು ಬರುತ್ತೀರಿ, ಸಂತೋಷ. ಆದರೆ ನಿಮ್ಮ ಕೈಯಲ್ಲಿರುವುದು ಬ್ರ್ಯಾಂಡಿನ ಹೆಸರು, ಲೋಗೊ, ಚಂದದ ಲೇಬಲ್. ಹೊಲಿದ ಅಂಗಿ ಎಲ್ಲಿ ಅಂದರೆ, ‘ಹೂಡಿಕೆದಾರರು ಸಿಕ್ಕಮೇಲೆ’ ಅನ್ನುತ್ತೀರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಹೇಗೆ?

ಮೊದಲು ಒಂದು ಅಂಗಿಯ ಲೆಕ್ಕ ಹಾಕಿ. ಉದಾಹರಣೆಗೆ, ಬಟ್ಟೆ 260 ರೂಪಾಯಿ, ಗುಂಡಿ, ದಾರ, ಕ್ಯಾನ್ವಾಸ್ 25, ಹೊಲಿಗೆ 90, ಇಸ್ತ್ರಿ ಮತ್ತು ಪ್ಯಾಕಿಂಗ್ 20, ಬಾಡಿಗೆ ಕರೆಂಟು 30 ಅಂತಿಟ್ಟುಕೊಳ್ಳಿ. ಒಟ್ಟು 425. ಅಂಗಡಿಯವರಿಗೆ 480ಕ್ಕೆ ಕೊಟ್ಟು 55 ಉಳಿಯಿತು ಎಂದು ಹಿಗ್ಗಬೇಡಿ. ನೂರರಲ್ಲಿ ನಾಲ್ಕು ಪೀಸ್ ರಿಜೆಕ್ಟ್ ಆದರೆ ಅದರ ಖರ್ಚನ್ನು ಉಳಿದ ತೊಂಬತ್ತಾರು ಹೊರಬೇಕು. ಆಗ ಉಳಿಯುವುದು ಸುಮಾರು 37. ಬಟ್ಟೆ ತಂದ ದಿನವೇ ಒಂದು ಮೀಟರ್ ಒಗೆದು ಅಳೆಯದೆ ಕಟಿಂಗ್ ಟೇಬಲ್ಲಿಗೆ ಹಾಕುತ್ತೀರಲ್ಲ, ಆ ರಿಜೆಕ್ಷನ್ ಹುಟ್ಟುವುದೇ ಅಲ್ಲಿ. ಕುಗ್ಗುವ ಬಟ್ಟೆಗೆ ದರ್ಜಿಯನ್ನು ಬೈದು ಏನು ಪ್ರಯೋಜನ?

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ತಿಂಗಳಿಗೆ ಸಾವಿರ ಅಂಗಿ ಅಂದರೆ ನಾಲ್ಕೂಕಾಲು ಲಕ್ಷ ಕೈಬಿಟ್ಟು ಹೋಗುತ್ತದೆ. ಮಾಲು ಕೊಟ್ಟ ಎರಡು ತಿಂಗಳಿಗೆ ದುಡ್ಡು ಬಂದರೆ, ಮೊದಲ ರೂಪಾಯಿ ಕಾಣುವ ಮುಂಚೆಯೇ ಎಂಟೂವರೆ ಲಕ್ಷಕ್ಕೂ ಹೆಚ್ಚು ಹೋಗಿರುತ್ತದೆ. ನಾನು ತಾವರೆಕೆರೆಯಲ್ಲಿ ಆರು ಮೆಷಿನ್ ಇಟ್ಟುಕೊಂಡಿದ್ದಾಗ ಒಬ್ಬರು ಅಂಗಡಿಯವರು ನಾಲ್ಕು ತಿಂಗಳು ಸತಾಯಿಸಿದರು. ಆ ದೀಪಾವಳಿಗೆ ಹುಡುಗಿಯರಿಗೆ ಬೋನಸ್ ಕೊಡಲು ನನ್ನ ಬಳೆ ಅಡವಿಟ್ಟೆ. ನಿಮಗೆ ಆ ಗತಿ ಬರಬಾರದು. ಉದ್ಯಮ್ ನೋಂದಣಿ ಮೊದಲ ದಿನವೇ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿಯೂ ಸೇರುತ್ತದೆ. ಆ ದಿನಗಳನ್ನು ಆರ್ಡರಿನಲ್ಲೇ ಬರೆಸಿ. ಬಾಯಿಮಾತಿಗೆ ಮಾಲು ಕಳಿಸಬೇಡಿ.

ಮೆಷಿನ್ ಕೊಳ್ಳಲು ಕಂಪನಿಯ ಪಾಲು ಮಾರಬೇಡಿ. ಮೆಷಿನ್ ಸಾಲ ಕೆಲವು ವರ್ಷಕ್ಕೆ ತೀರುತ್ತದೆ, ಕೊಟ್ಟ ಪಾಲು ಸುಲಭವಾಗಿ ವಾಪಸು ಬರುವುದಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಸರಕಾರದ ಸಬ್ಸಿಡಿ ಇರುವ ಪಿಎಂಇಜಿಪಿ ಸಾಲದ ಈಗಿನ ನಿಯಮ ಕೇಳಿ. ತಯಾರಿಕಾ ಘಟಕದ ಮಿತಿಯನ್ನು 2022ರಲ್ಲಿ 25 ಲಕ್ಷದಿಂದ 50 ಲಕ್ಷಕ್ಕೆ ಏರಿಸಿದ್ದರು. ಸಬ್ಸಿಡಿ ಕೈಗೆ ಬರುತ್ತದೆಂದು ಖರ್ಚಿನ ಪಟ್ಟಿ ಬರೆಯಬೇಡಿ, ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ನಮ್ಮೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸನ್ನೇ ನೋಡಿ. 1979ರಲ್ಲಿ ಶುರುವಾದ ಕಂಪನಿ ಷೇರುಪೇಟೆಗೆ ಬಂದದ್ದು 2005ರಲ್ಲಿ. ಅಮೆರಿಕದ ಬ್ಲ್ಯಾಕ್‌ಸ್ಟೋನ್ ದೊಡ್ಡ ಪಾಲು ಕೊಂಡದ್ದು 2007ರಲ್ಲಿ. ನೀವು ಆರು ತಿಂಗಳಿಗೇ ಹೂಡಿಕೆದಾರರ ಹತ್ತಿರ ಕೋಟಿ ಕೇಳಬೇಡಿ. ಒಂದೇ ಅಂಗಡಿ ಮೂರನೇ ಸಲ ಆರ್ಡರ್ ಕೊಟ್ಟ ಕಾಗದ, ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದುಕೊಂಡು ಹೋಗಿ. ರಿಜೆಕ್ಷನ್ ಎಷ್ಟೆಂದು ಕೇಳಿದರೆ ಇದ್ದದ್ದು ಇದ್ದಹಾಗೆ ಹೇಳಿ. ಸೋದರಮಾವ ಕೊಟ್ಟ ಎರಡು ಲಕ್ಷವೂ ಸಾಲವೋ ಪಾಲೋ ಎಂದು ಕಾಗದದ ಮೇಲೆ ಇರಲಿ, ಹಬ್ಬಕ್ಕೆ ಎದುರುಬದುರು ಕೂತು ಊಟ ಮಾಡಬೇಕಲ್ಲ.

ಕೊನೆಗೆ ಕೆಲಸದವರ ಮಾತು. ವರ್ಷಗಟ್ಟಲೆ ಕಾಲರ್ ಹೊಲಿದು ಕೈ ಪಳಗಿದ ಹೆಂಗಸರು ಪಕ್ಕದ ಬೊಮ್ಮನಹಳ್ಳಿಯಲ್ಲೇ ಸಿಗುತ್ತಾರೆ. ನಿಮ್ಮ ನಿಜವಾದ ಬಂಡವಾಳ ಅವರು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿಯಾದಾಗ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು, ಕೇಂದ್ರ ಸರಕಾರ ಆ ನಿಯಮ ವಾಪಸು ಪಡೆಯಿತು. ಮಗಳ ಮದುವೆ, ಮಗನ ಫೀಸು ಎಲ್ಲ ಆ ಪಿಎಫ್‌ನಲ್ಲೇ ಇತ್ತು ಅವರಿಗೆ. ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್ ಕಟ್ಟಲೇಬೇಕು. ತಪ್ಪಿಸಿಕೊಳ್ಳಲು ಒಂಬತ್ತೇ ಹೆಸರು ಬರೆಯುವ ಬುದ್ಧಿ ಬೇಡ. ಶೌಚಾಲಯ, ಗಾಳಿ, ಬೆಳಕು ನೋಡಿ ಜಾಗ ಹಿಡಿಯಿರಿ. ಮನೆ ಮೀಟರಿನಲ್ಲಿ ಮೋಟಾರು ಓಡಿಸಬೇಡಿ.

ಈ ವಾರ ಚಿಕ್ಕಪೇಟೆಗೆ ಹೋಗಿ ಹತ್ತು ಅಂಗಿಗಾಗುವಷ್ಟು ಬಟ್ಟೆ ತನ್ನಿ. ಹೊಲಿಸಿ, ಮಾರಿ, ಲೆಕ್ಕದ ಪುಸ್ತಕ ಹಿಡಿದು ಬನ್ನಿ. ಕಾಫಿ ಕುಡಿಯುತ್ತಾ ಕೂತು ನೋಡೋಣ.