ಹೊಸ ಕಂಪ್ಯೂಟರಿನ ದೋಷವನ್ನು ಕಂಡುಹಿಡಿಯುವ ಕ್ರಮ

ಕೊಂಡುತಂದ ಯಂತ್ರವು ನಡೆಯದಿದ್ದರೆ ಅಂಗಡಿಯವನನ್ನು ಕೇಳಬಹುದು. ನಮ್ಮ ಕೈಯಾರೆ ಜೋಡಿಸಿದ ಯಂತ್ರವು ನಡೆಯದಿದ್ದರೆ ಯಾರನ್ನು ಕೇಳುವದು? ಇಂಥ ಸಮಯದಲ್ಲಿ ಮನುಷ್ಯರು ಸಾಮಾನ್ಯವಾಗಿ ಎರಡು ತಪ್ಪುಗಳನ್ನು ಮಾಡುವದುಂಟು. ಅವಸರದಿಂದ ಎಲ್ಲವನ್ನೂ ಬಿಚ್ಚಿಹಾಕುವದು ಒಂದು; ವಿಚಾರಣೆಗೆ ಮುಂಚೆಯೇ ಒಬ್ಬರ ಮೇಲೆ ದೋಷವನ್ನು ಹೊರಿಸುವದು ಮತ್ತೊಂದು. ಈ ಎರಡನೆಯ ತಪ್ಪನ್ನು ನಾವೂ ಮಾಡಿದ್ದರಿಂದ ಈ ಪಾಠವನ್ನು ಬರೆಯಲು ಮನಸ್ಸು ಮಾಡಿದೆವು.

ನಮ್ಮ ವಿಜ್ಞಾನ ಸಂಘದ ಬಾಲಿಕೆಯರು ಕಸೂತಿ ಕೆಲಸಗಳನ್ನು ಮಾರಿ ಕೂಡಿಸಿದ ಹಣದಿಂದ ಬಿಡಿ ಭಾಗಗಳನ್ನು ತರಿಸಿ ಒಂದು ಕಂಪ್ಯೂಟರನ್ನು ಜೋಡಿಸಿದರು. ನಾವು ಪಕ್ಕದಲ್ಲಿ ನಿಂತು ಸಹಾಯ ಮಾಡಿದೆವು. ಕೆಲಸವು ಮುಗಿದ ಮೇಲೆ ಸ್ವಿಚ್ಚನ್ನು ಒತ್ತಿದಾಗ ಫ್ಯಾನುಗಳು ತಿರುಗಿದವು, ದೀಪಗಳು ಹೊತ್ತಿದವು. ಪರದೆಯಾದರೋ ಕಪ್ಪಾಗಿಯೇ ಉಳಿಯಿತು. ಎಲ್ಲರ ಕಣ್ಣುಗಳೂ ಪ್ರೊಸೆಸರನ್ನು ಕೂರಿಸಿದ ಬಾಲಿಕೆಯ ಕಡೆಗೆ ತಿರುಗಿದವು. “ಮೆಲ್ಲಗೆ ಇಡು ಎಂದು ಹೇಳಿದ್ದೆವಲ್ಲಾ, ಮಗೂ” ಎಂದು ನಾವೂ ಅಂದುಬಿಟ್ಟೆವು. ಅವಳು ಉತ್ತರ ಕೊಡದೆ ತಲೆ ತಗ್ಗಿಸಿದಳು. ಮುಂದೆ ಏನಾಯಿತೆಂಬದನ್ನು ಕೊನೆಗೆ ಹೇಳುವೆವು. ಮೊದಲು ಯಂತ್ರದ ವಿಷಯವನ್ನು ವಿಚಾರಿಸೋಣ.

ಸ್ವಿಚ್ಚನ್ನು ಒತ್ತಿದ ಮೇಲೆ ಪರದೆಯು ಬೆಳಗುವ ತನಕ ಅನೇಕ ಕಾರ್ಯಗಳು ಕ್ರಮವಾಗಿ ನಡೆಯುತ್ತವೆ. ನಮ್ಮ ದೇಶದಲ್ಲಿ ಗೋಡೆಯ ಪ್ಲಗ್ಗಿಗೆ ಬರುವದು 230 ವೋಲ್ಟಿನ ಪರ್ಯಾಯ ವಿದ್ಯುತ್ ಪ್ರವಾಹ. ಪವರ್ ಸಪ್ಲೈ ಎಂಬ ಪೆಟ್ಟಿಗೆಯು ಅದನ್ನು 12, 5 ಮತ್ತು 3.3 ವೋಲ್ಟುಗಳ ನೇರ ಪ್ರವಾಹವಾಗಿ ಮಾರ್ಪಡಿಸಿ ಇತರ ಭಾಗಗಳಿಗೆ ಹಂಚುತ್ತದೆ. ಆಗ ಪ್ರೊಸೆಸರು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟಿರುವ ಬಯಾಸ್ ಎಂಬ ಆದೇಶಗಳನ್ನು ಓದಿ, ತನ್ನನ್ನೂ ರ‍್ಯಾಮನ್ನೂ ಚಿತ್ರವನ್ನು ತೋರಿಸುವ ಭಾಗವನ್ನೂ ಪರೀಕ್ಷಿಸುತ್ತದೆ. ಇದಕ್ಕೆ ಸ್ವಪರೀಕ್ಷೆ ಎನ್ನಬಹುದು. ಇದು ಮುಗಿದ ಮೇಲೆಯೇ ಡಿಸ್ಕಿನಿಂದ ವಿಂಡೋಸ್, ಲಿನಕ್ಸ್ ಮುಂತಾದ ಆಪರೇಟಿಂಗ್ ಸಿಸ್ಟಮ್ ಎದ್ದು ಬರುವದು. ಈ ಸರಪಣಿಯ ಯಾವ ಕೊಂಡಿಯ ಬಳಿಯಲ್ಲಿ ಕೆಲಸವು ನಿಂತಿತೆಂದು ತಿಳಿದರೆ ಅರ್ಧ ದೋಷವು ಸಿಕ್ಕಿದ ಹಾಗೆಯೇ.

ಪರೀಕ್ಷೆಗೆ ಮುಂಚೆ ಕೆಲವು ಎಚ್ಚರಿಕೆಗಳು ಅವಶ್ಯ. ಯಾವ ಭಾಗವನ್ನು ಮುಟ್ಟುವದಕ್ಕೂ ಮುಂಚೆ ಪ್ಲಗ್ಗನ್ನು ಗೋಡೆಯಿಂದ ಕೀಳತಕ್ಕದ್ದು. ಬಳಿಕ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಯಾಕಂದರೆ ನಮ್ಮ ಮೈಯಲ್ಲಿ ಕೂಡಿದ ಸ್ಥಿರ ವಿದ್ಯುತ್ತು ಸೂಕ್ಷ್ಮ ಭಾಗಗಳನ್ನು ಕೆಡಿಸಬಲ್ಲದು. ಪವರ್ ಸಪ್ಲೈಯ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಕೂಡದು. ಅದರೊಳಗಿನ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೆಯೂ ಅಪಾಯಕರವಾದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವವು. ಸುಟ್ಟ ವಾಸನೆಯಾಗಲಿ ಹೊಗೆಯಾಗಲಿ ಬಂದರೆ ಆ ಕ್ಷಣವೇ ಪರೀಕ್ಷೆಯನ್ನು ನಿಲ್ಲಿಸಬೇಕು.

ಇನ್ನು ದೋಷಗಳ ವಿಂಗಡಣೆ. ಮೊದಲನೆಯದು, ಸ್ವಿಚ್ಚನ್ನು ಒತ್ತಿದರೂ ಯಾವ ಚಲನೆಯೂ ಇಲ್ಲದಿರುವದು. ಆಗ ಅದೇ ಪ್ಲಗ್ಗಿಗೆ ಒಂದು ಮೇಜಿನ ದೀಪವನ್ನು ಸಿಕ್ಕಿಸಿ ವಿದ್ಯುತ್ತು ಬರುತ್ತಿದೆಯೋ ಎಂದು ನೋಡಿರಿ. ಪವರ್ ಸಪ್ಲೈಯ ಹಿಂಬದಿಯಲ್ಲಿ ಇನ್ನೊಂದು ಸ್ವಿಚ್ಚಿರುವದುಂಟು; ಅದನ್ನು ಹಾಕಲು ಅನೇಕರು ಮರೆಯುವರು. ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರು ಪೂರ್ಣವಾಗಿ ಒಳಗೆ ಇಳಿದಿದೆಯೋ? ಪೆಟ್ಟಿಗೆಯ ಮುಂಭಾಗದ ಸ್ವಿಚ್ಚಿನಿಂದ ಬರುವ ಸಣ್ಣ ತಂತಿಯು ಸರಿಯಾದ ಎರಡು ಪಿನ್ನುಗಳ ಮೇಲೆ ಕೂತಿದೆಯೋ? ಮದರ್‌ಬೋರ್ಡಿನೊಡನೆ ಬಂದ ಕೈಪುಸ್ತಕದಲ್ಲಿ ಅವುಗಳ ಚಿತ್ರವಿರುವದು. ಒಂದು ಪಿನ್ನು ಆಚೀಚೆಯಾದರೂ ಯಂತ್ರವು ಸತ್ತಂತೆಯೇ ಇರುವದು.

ಎರಡನೆಯದು, ಒಂದು ಕ್ಷಣ ತಿರುಗಿ ನಿಂತುಹೋಗುವದು. ಎಲ್ಲಿಯೋ ಲೋಹಕ್ಕೆ ಲೋಹವು ತಗಲಿ ಶಾರ್ಟ್ ಆಗುತ್ತಿರಬಹುದು. ಮದರ್‌ಬೋರ್ಡನ್ನು ಪೆಟ್ಟಿಗೆಯ ತಗಡಿನಿಂದ ಎತ್ತಿ ನಿಲ್ಲಿಸುವ ಸಣ್ಣ ಹಿತ್ತಾಳೆಯ ಕಂಬಗಳಲ್ಲಿ ಒಂದು, ಬೋರ್ಡಿನಲ್ಲಿ ತೂತಿಲ್ಲದ ಕಡೆಯಲ್ಲಿ ಉಳಿದಿದ್ದರೆ ಹೀಗಾಗುವದುಂಟು. ಬಿದ್ದುಹೋದ ಒಂದು ಸ್ಕ್ರೂ ಕೂಡ ಸಾಕು. ಪ್ರೊಸೆಸರಿನ ಮೇಲಿನ ಫ್ಯಾನು ಸರಿಯಾಗಿ ಕೂತಿದೆಯೋ, ಅದರ ತಂತಿಯನ್ನು ಸಿಕ್ಕಿಸಿದೆಯೋ ಎಂಬದನ್ನೂ ನೋಡತಕ್ಕದ್ದು.

ಮೂರನೆಯದು, ಫ್ಯಾನುಗಳು ತಿರುಗಿದರೂ ಚಿತ್ರವು ಬಾರದಿರುವದು. ಪ್ರೊಸೆಸರಿಗೆಂದೇ 4 ಅಥವಾ 8 ಪಿನ್ನುಗಳ ಬೇರೆ ವಿದ್ಯುತ್ ಕನೆಕ್ಟರು ಇರುವದು. ಮೂಲೆಯಲ್ಲಿರುವ ಕಾರಣ ಅದು ಅನೇಕ ಸಲ ಕಣ್ಣಿಗೆ ಬೀಳುವದಿಲ್ಲ. ಗ್ರಾಫಿಕ್ಸ್ ಕಾರ್ಡು ಇದ್ದಲ್ಲಿ ಮಾನಿಟರಿನ ಕೇಬಲ್ಲನ್ನು ಆ ಕಾರ್ಡಿಗೇ ಹಾಕಬೇಕು, ಮದರ್‌ಬೋರ್ಡಿಗಲ್ಲ. ರ‍್ಯಾಮಿನ ಪಟ್ಟಿಗಳನ್ನು ತೆಗೆದು, ಎರಡೂ ತುದಿಗಳನ್ನು ಸಮವಾಗಿ ಒತ್ತಿ ಮತ್ತೆ ಕೂರಿಸಬೇಕು. ನಾಲ್ಕು ಸ್ಥಾನಗಳುಳ್ಳ ಬೋರ್ಡುಗಳಲ್ಲಿ ಎರಡೇ ಪಟ್ಟಿಗಳಿದ್ದರೆ, ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳು ತಕ್ಕವು. ಡಿಡಿಆರ್5 ಜಾತಿಯ ರ‍್ಯಾಮು ಮೊದಲ ಸಲ ಎಚ್ಚರಗೊಳ್ಳಲು ಕೆಲವು ನಿಮಿಷಗಳನ್ನೇ ತಕ್ಕೊಳ್ಳಬಹುದು. ಕೂಡಲೇ ನಿರಾಶರಾಗಿ ಸ್ವಿಚ್ಚನ್ನು ಆರಿಸಬಾರದು. ಪ್ರೊಸೆಸರು ಬೋರ್ಡಿಗಿಂತ ಹೊಸದಾಗಿದ್ದರೆ, ಹಳೆಯ ಬಯಾಸು ಅದರ ಗುರುತನ್ನು ಹಿಡಿಯಲಾರದು. 2020ರಲ್ಲಿ ಬಂದ ರೈಜನ್ 5000 ಸಾಲಿನ ಪ್ರೊಸೆಸರುಗಳನ್ನು ಹಳೆಯ ಬೋರ್ಡುಗಳಲ್ಲಿ ಇಟ್ಟವರಿಗೆ ಈ ತೊಡಕು ಉಂಟಾಯಿತು. ಬಯಾಸನ್ನು ನವೀಕರಿಸಿದ ಮೇಲೆ ಅವು ನಡೆದವು.

ಯಂತ್ರವು ತನ್ನ ನೋವನ್ನು ತಾನೇ ಹೇಳಿಕೊಳ್ಳುವದೂ ಉಂಟು. ಇಂದಿನ ಅನೇಕ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ಹೆಸರುಗಳ ಪಕ್ಕದಲ್ಲಿ ನಾಲ್ಕು ಸಣ್ಣ ದೀಪಗಳಿರುತ್ತವೆ. ಸ್ವಪರೀಕ್ಷೆಯು ಯಾವ ಹಂತದಲ್ಲಿ ತಡೆಯಲ್ಪಟ್ಟಿತೋ ಆ ಹಂತದ ದೀಪವು ಆರದೆ ನಿಲ್ಲುವದು. ಬೂಟ್ ದೀಪವು ನಿಂತರೆ ಡಿಸ್ಕನ್ನಾಗಲಿ ಆಪರೇಟಿಂಗ್ ಸಿಸ್ಟಮನ್ನಾಗಲಿ ನೋಡಬೇಕೆಂದು ಅರ್ಥ. ಕೆಲವು ಬೋರ್ಡುಗಳು ಬೀಪ್ ಶಬ್ದಗಳ ಎಣಿಕೆಯಿಂದ ತಿಳಿಸುವವು.

ಇಷ್ಟರಿಂದಲೂ ದೋಷವು ತಿಳಿಯದಿದ್ದರೆ, ಯಂತ್ರವನ್ನು ಅತಿ ಚಿಕ್ಕದಾಗಿ ಮಾಡಿರಿ. ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರು, ಅದರ ಫ್ಯಾನು, ಒಂದೇ ರ‍್ಯಾಮ್ ಪಟ್ಟಿ, ಪವರ್ ಸಪ್ಲೈ ಇವಿಷ್ಟನ್ನೇ ಜೋಡಿಸಿ ನೋಡಿರಿ. ಪ್ರೊಸೆಸರಿನಲ್ಲಿ ಚಿತ್ರವನ್ನು ಕೊಡುವ ಶಕ್ತಿಯಿಲ್ಲದಿದ್ದರೆ ಮಾತ್ರ ಗ್ರಾಫಿಕ್ಸ್ ಕಾರ್ಡನ್ನೂ ಸೇರಿಸಿರಿ. ಅದು ನಡೆದರೆ ಒಂದೊಂದೇ ಭಾಗವನ್ನು ಕೂಡಿಸುತ್ತ ಬರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡುವದು. ಎರಡು ಬದಲಾವಣೆಗಳನ್ನು ಕೂಡಿಸಿ ಮಾಡಿದರೆ, ಯಂತ್ರವು ನಡೆದರೂ ಯಾವದರಿಂದ ನಡೆಯಿತೆಂಬ ಜ್ಞಾನವು ನಮಗೆ ದೊರೆಯುವದಿಲ್ಲ.

ಈ ಶಿಸ್ತು ಸ್ತ್ರೀಯರಿಗೆ ಹೊಸದಲ್ಲ. 1946ರಲ್ಲಿ ಅಮೇರಿಕೆಯ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ಎನಿಯಾಕ್ ಎಂಬ ಮಹಾಗಣಕದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಅದಕ್ಕೆ ಲೆಕ್ಕಗಳನ್ನು ಅಳವಡಿಸಿದವರು ಆರು ಮಂದಿ ಯುವತಿಯರು. ಕಲಿಸುವ ಪುಸ್ತಕಗಳಿಲ್ಲದಿದ್ದರೂ, ನಕ್ಷೆಗಳನ್ನು ಓದಿ ಓದಿ ಯಂತ್ರವನ್ನು ಅರಿತುಕೊಂಡು, ಅಷ್ಟು ನಳಿಗೆಗಳಲ್ಲಿ ಕೆಟ್ಟದ್ದು ಯಾವದೆಂಬದನ್ನು ಕಂಡುಹಿಡಿಯಲು ಅವರು ಶಕ್ತರಾದರು.

ನಮ್ಮ ಬಾಲಿಕೆಯರ ಯಂತ್ರಕ್ಕೆ ಏನಾಯಿತು? ಹಿಂದೆ ಹೇಳಿದ ಕ್ರಮದಂತೆ ನೋಡಲಾಗಿ ಸಿಪಿಯು ದೀಪವು ಆರಿತ್ತು. ಡಿರ‍್ಯಾಮ್ ದೀಪವು ನಿಂತಿತ್ತು. ರ‍್ಯಾಮಿನ ಒಂದು ಪಟ್ಟಿಯ ತುದಿಯು ಕೂದಲೆಳೆಯಷ್ಟು ಮೇಲಕ್ಕೆದ್ದಿತ್ತು. ಪ್ಲಗ್ಗನ್ನು ಕಿತ್ತು, ಪಟ್ಟಿಯನ್ನು ಟಿಕ್ಕೆನ್ನುವ ತನಕ ಒತ್ತಿ, ಮತ್ತೆ ಸ್ವಿಚ್ಚನ್ನು ಹಾಕಿ ಕಾದೆವು. ಎರಡನೆಯ ನಿಮಿಷದಲ್ಲಿ ಪರದೆಯು ಬೆಳಗಿತು. ಆ ಪಟ್ಟಿಯನ್ನು ಕೂರಿಸಿದವರು ಯಾರು? ನಾವೇ. ಪ್ರೊಸೆಸರನ್ನು ಇಟ್ಟ ಕೈ ನಿರ್ದೋಷಿಯಾಗಿತ್ತು. ಎಲ್ಲರ ಮುಂದೆ ಅಂದ ಮಾತಾದ್ದರಿಂದ ಎಲ್ಲರ ಮುಂದೆಯೇ ಆ ಬಾಲಿಕೆಯ ಕ್ಷಮೆಯನ್ನು ಕೇಳಿದೆವು. ಅವಳು ನಕ್ಕು, “ಮೊದಲು ದೀಪವನ್ನು ನೋಡಬೇಕಾಗಿತ್ತು, ಅಮ್ಮಾ” ಅಂದಳು.

ಸುವಾರ್ತೆಯಲ್ಲಿ ಹತ್ತು ನಾಣ್ಯಗಳಲ್ಲಿ ಒಂದನ್ನು ಕಳಕೊಂಡ ಸ್ತ್ರೀಯು ನೆರೆಹೊರೆಯವರ ಮೇಲೆ ಸಂಶಯಪಡಲಿಲ್ಲ. ದೀಪವನ್ನು ಹಚ್ಚಿ, ಮನೆಯನ್ನು ಗುಡಿಸಿ, ಸಿಕ್ಕುವ ತನಕ ಹುಡುಕಿದಳು. ಪ್ರಿಯ ಬಾಲಿಕೆಯರೇ, ಯಂತ್ರದ ಮುಂದೆ ಕೂತಾಗಲೂ ಮನುಷ್ಯರ ನಡುವೆ ಬಾಳುವಾಗಲೂ ನೀವು ಈ ಕ್ರಮವನ್ನೇ ಅನುಸರಿಸಿರಿ.