‘ಸೇವ್’ ಆದದ್ದೆಲ್ಲ ಉಳಿಯಿತೇ? – ಕಡತ ಬರೆಯುವಲ್ಲಿ ದೋಷ ನಿರ್ವಹಣೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಹೆಂಚಿನ ಕಾರ್ಖಾನೆ, ಗೇರುಬೀಜ ಘಟಕ, ಅಕ್ಕಿ ಗಿರಣಿಗಳಿಂದ ಮೊದಲ್ಗೊಂಡು ಪೇಟೆಯ ಜಿನಸಿ ಅಂಗಡಿಯವರೆಗೆ ಲೆಕ್ಕಪತ್ರಗಳ ಬಹುಪಾಲು ಇಂದು ಗಣಕಯಂತ್ರವನ್ನೇ ನೆಚ್ಚಿದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನಾಂಕದಿಂದ 72 ತಿಂಗಳ ಕಾಲ ಈ ಲೆಕ್ಕಗಳನ್ನು ಕಾಪಾಡಿಕೊಳ್ಳಬೇಕು. ಆದುದರಿಂದ ತೆರೆಯ ಮೇಲೆ ಕಾಣುವ ‘ಸೇವ್ ಆಗಿದೆ’ ಎಂಬ ಮಾತು ಎಷ್ಟು ನಂಬಲರ್ಹ ಎಂಬುದು ತಂತ್ರಜ್ಞರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ.

ಲೆಕ್ಕದ ತಂತ್ರಾಂಶವು ಬಿಲ್ಲನ್ನು ನೇರವಾಗಿ ಡಿಸ್ಕಿಗೆ ಬರೆಯುವುದಿಲ್ಲ; ಕಾರ್ಯಾಚರಣಾ ವ್ಯವಸ್ಥೆಯ ಕೈಗೆ ಒಪ್ಪಿಸುತ್ತದೆ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಆ ವ್ಯವಸ್ಥೆಯು ಸಾಮಾನ್ಯವಾಗಿ ಅದನ್ನು ಮೊದಲು ಮೆಮೊರಿಯಲ್ಲಿಟ್ಟುಕೊಂಡು ‘ಸ್ವೀಕರಿಸಿದೆ’ ಎಂದು ಉತ್ತರಿಸಿ, ಅನುಕೂಲ ನೋಡಿ ಡಿಸ್ಕಿಗೆ ಬರೆಯುತ್ತದೆ. ಲಿನಕ್ಸಿನ ಸಾಮಾನ್ಯ ಏರ್ಪಾಡಿನಲ್ಲಿ ಈ ಕಾಯುವಿಕೆ ಸುಮಾರು 30 ಸೆಕೆಂಡು. ಅಷ್ಟರೊಳಗೆ ವಿದ್ಯುತ್ ಹೋದರೆ ಬಿಲ್ಲೂ ಹೋಯಿತು. ಲಾರಿ ಆಫೀಸಿನ ಬುಕಿಂಗ್ ರಸೀದಿಯಂತೆಯೇ ಇದು: ಸರಕು ಒಪ್ಪಿಕೊಂಡದ್ದಕ್ಕೆ ಸಾಕ್ಷಿ, ಹುಬ್ಬಳ್ಳಿ ತಲುಪಿದ್ದಕ್ಕಲ್ಲ. ತಲುಪಿದ ಸಹಿ ಬೇಕಾದರೆ ಲಿನಕ್ಸಿನಲ್ಲಿ ತಂತ್ರಾಂಶವು ‘ಎಫ್‌ಸಿಂಕ್’ ಎಂಬ ಪ್ರತ್ಯೇಕ ಆದೇಶ ನೀಡಿ ಉತ್ತರಕ್ಕಾಗಿ ಕಾಯಬೇಕು. ವಿಂಡೋಸಿನಲ್ಲಿಯೂ ಅಂಥದ್ದೊಂದು ಆದೇಶವಿದೆ.

ಕಾದರೂ ಉತ್ತರ ಸರಿಯಾಗಿ ಬರುವುದೇ? 2008ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಲಿನಕ್ಸಿನ ಕಡತ ವ್ಯವಸ್ಥೆಗಳ ಸಂಕೇತವನ್ನು ಶೋಧಿಸಿದರು. ಡಿಸ್ಕಿನಿಂದ ಹೊರಟ ದೋಷದ ಸುದ್ದಿ ಪದರದಿಂದ ಪದರಕ್ಕೆ ದಾಟುವ 9,022 ಕರೆಗಳಲ್ಲಿ 1,153 ಕರೆಗಳು, ಎಂದರೆ ನೂರಕ್ಕೆ ಸುಮಾರು 13, ಆ ಸುದ್ದಿಯನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಕೆಳಗಿನ ಗುಮಾಸ್ತ ‘ಸರಕು ಒಡೆದಿದೆ’ ಎಂದರೂ ಮೇಲಿನವನು ಪುಸ್ತಕದಲ್ಲಿ ಬರೆದುಕೊಳ್ಳದ ಹಾಗೆ.

ಇದಕ್ಕಿಂತಲೂ ಗಂಭೀರವಾದ ಸಂಗತಿ ಬೆಳಕಿಗೆ ಬಂದದ್ದು 2018ರಲ್ಲಿ. ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ದತ್ತಾಂಶ ತಂತ್ರಾಂಶವು ಎಫ್‌ಸಿಂಕ್ ವಿಫಲವಾದರೆ ಮತ್ತೊಮ್ಮೆ ಪ್ರಯತ್ನಿಸುತ್ತಿತ್ತು. ಎರಡನೆಯ ಬಾರಿ ‘ಯಶಸ್ವಿ’ ಎಂಬ ಉತ್ತರ ಬಂದರೆ ಮುಂದುವರಿಯುತ್ತಿತ್ತು. ಆದರೆ ಬರೆಯಲಾಗದ ಮೆಮೊರಿ ಪುಟವನ್ನು ಲಿನಕ್ಸ್ ‘ಬಾಕಿ ಇಲ್ಲ’ ಎಂದು ಗುರುತಿಸಿಬಿಡುತ್ತಿದ್ದುದರಿಂದ ಎರಡನೆಯ ಬಾರಿ ಬರೆಯಲು ಏನೂ ಉಳಿದಿರುತ್ತಿರಲಿಲ್ಲ! ಕಳೆದುಹೋದ ಪಾರ್ಸೆಲ್ಲನ್ನು ಬಾಕಿ ಪಟ್ಟಿಯಿಂದಲೇ ಹೊಡೆದುಹಾಕಿ ‘ನಿಮ್ಮದು ಯಾವುದೂ ಬಾಕಿ ಇಲ್ಲ’ ಎಂದಂತೆ. 2019ರ ಫೆಬ್ರವರಿಯ ಆವೃತ್ತಿಗಳಲ್ಲಿ ಪೋಸ್ಟ್‌ಗ್ರೆಸ್ ತನ್ನ ಕ್ರಮವನ್ನು ಬದಲಿಸಿತು: ಬರವಣಿಗೆ ವಿಫಲವಾದರೆ ಕೆಲಸ ನಿಲ್ಲಿಸಿ, ತನ್ನ ದಿನಚರಿ ಕಡತದಿಂದ ಎಲ್ಲವನ್ನೂ ಪುನಃ ಕಟ್ಟುವುದು. ವ್ಯಾಪಾರದ ನಡುವೆ ಯಂತ್ರ ನಿಲ್ಲುವುದು ಯಾರಿಗೂ ಹಿತವಲ್ಲ. ಆದರೂ ಸುಳ್ಳು ‘ಯಶಸ್ವಿ’ಗಿಂತ ಅದು ಅಗ್ಗವೆಂದೇ ನನ್ನ ಅಭಿಪ್ರಾಯ.

ನಮ್ಮ ಕಚೇರಿಗಳಲ್ಲಿ ಇದರ ಪರಿಚಿತ ರೂಪವೆಂದರೆ ವಿಂಡೋಸಿನ ‘ಡಿಲೇಯ್ಡ್ ರೈಟ್ ಫೇಲ್ಡ್’ ಎಂಬ ಸೂಚನೆ. ಪೆನ್‌ಡ್ರೈವ್ ಅವಸರದಲ್ಲಿ ಕಿತ್ತಾಗ, ಅಥವಾ ಕೌಂಟರಿನಿಂದ ಒಳಕೋಣೆಯ ಗಣಕಯಂತ್ರಕ್ಕೆ ಹೋಗುವ ಕೇಬಲ್ ಸಡಿಲವಾದಾಗ ಇದು ಬರುತ್ತದೆ. ಓಕೆ ಒತ್ತಿ ಬಿಲ್ಲಿಂಗ್ ಮುಂದುವರಿಸುವುದು ಸಾಮಾನ್ಯ ಅಭ್ಯಾಸ. ಹಾಗೆ ಮಾಡಬಾರದು. ಕೆಲಸ ನಿಲ್ಲಿಸಿ, ಕೊನೆಯ ಹತ್ತಾರು ವೋಚರುಗಳನ್ನು ಬಿಲ್ ಪುಸ್ತಕದೊಡನೆ ತಾಳೆ ನೋಡಬೇಕು. ಮೇ ತಿಂಗಳ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಯುಪಿಎಸ್ ಇಲ್ಲದೆ ಬಿಲ್ಲಿಂಗ್ ನಡೆಸುವುದೂ ಜಾಣತನವಲ್ಲ.

ತಂತ್ರಾಂಶ ಒದಗಿಸುವವರನ್ನು ಎರಡು ಮಾತು ಕೇಳಬಹುದು. ಹಳೆಯ ಕಡತದ ಮೇಲೆಯೇ ಬರೆಯುತ್ತೀರೋ, ಅಥವಾ ಹೊಸ ಕಡತವನ್ನು ಪೂರ್ತಿ ಬರೆದು, ಡಿಸ್ಕಿಗೆ ಸೇರಿದ್ದನ್ನು ಖಚಿತಪಡಿಸಿಕೊಂಡು, ಆಮೇಲೆ ಹೆಸರು ಬದಲಿಸುತ್ತೀರೋ? ಎರಡನೆಯ ಕ್ರಮದಲ್ಲಿ ನಡುವೆ ಕೆಟ್ಟರೂ ಹಳೆಯದು ಉಳಿಯುತ್ತದೆ. ಡಿಸ್ಕ್ ತುಂಬಿದರೆ ನಮಗೆ ಹೇಳುತ್ತೀರೋ? ಇದಕ್ಕೆ ಬಾಯಿಮಾತಿನ ಉತ್ತರ ಸಾಲದು. ಬಹುತೇಕ ತುಂಬಿದ ಪೆನ್‌ಡ್ರೈವಿಗೆ ಅವರೆದುರೇ ಬ್ಯಾಕಪ್ ತೆಗೆಸಬೇಕು. ಅರ್ಧ ಬರೆದು ‘ಮುಗಿಯಿತು’ ಎಂದರೆ ಆ ತಂತ್ರಾಂಶ ದೋಷವನ್ನು ನುಂಗುತ್ತಿದೆ ಎಂದರ್ಥ. ಸರಿಯಾದ ಬ್ಯಾಕಪ್ಪನ್ನೂ ತಿಂಗಳಿಗೊಮ್ಮೆ ಬೇರೊಂದು ಗಣಕಯಂತ್ರದಲ್ಲಿ ತೆರೆದು, ಅಖೈರು ಶಿಲ್ಕನ್ನು ಮೂಲದೊಡನೆ ಹೋಲಿಸಿ ನೋಡುವುದು ಅವಶ್ಯ.