ಮುಚ್ಚಿದ ಕೋಣೆಯಲ್ಲಿ ಕೆಂಡವನ್ನೂ ಅನಿಲದ ಒಲೆಯನ್ನೂ ಉರಿಸುವುದರ ಅಪಾಯ

ಬಳ್ಳಾರಿ ಸೀಮೆಯ ಕಪ್ಪು ನೆಲದ ಗ್ರಾಮಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುವ ಪದ್ಧತಿ ಬಹಳ ಹಳೆಯದು. ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗೆ ಇಳಿಯಕೂಡದೆಂಬುದನ್ನು ಅಲ್ಲಿಯ ಬೇಸಾಯಗಾರರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲಾಮ್ಲ ವಾಯುವು ಭಾರವಾದುದರಿಂದ ಕುಳಿಯ ತಳದಲ್ಲಿಯೇ ನಿಂತಿರುತ್ತದೆ. ಆದುದರಿಂದ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು, ದೀಪವು ಆರದಿದ್ದರೆ ಮಾತ್ರ ಆಳನ್ನು ಇಳಿಸುವುದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿದೆ. ಗಾಳಿಯಾಡಿಸದೆ ದೀಪವೊಂದನ್ನೇ ನಂಬುವುದು ಹಗೇವಿನಲ್ಲಿಯೂ ಸಲ್ಲದು. ಆದರೂ ವಾಡಿಕೆಯು ವಿವೇಕದ್ದೇ.

ಇಷ್ಟು ಎಚ್ಚರವುಳ್ಳ ಮನೆತನಗಳಲ್ಲಿಯೇ ಮಾಗಿಯ ಚಳಿ ಬಂದಾಗ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯೊಳಗಿಟ್ಟು, ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ ನಿದ್ರಿಸುವುದುಂಟು. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು, ಗಾಳಿ ಸೋಕಬಾರದೆಂದು ಸಂದುಗಳಿಗೆಲ್ಲ ಬಟ್ಟೆ ತುರುಕುವುದೂ ಉಂಟು. ಈಚೆಗೆ ಅಗ್ಗಿಷ್ಟಿಕೆಗೆ ಬದಲು ಸಿಲಿಂಡರಿನ ಅನಿಲದಿಂದ ಉರಿಯುವ ಕೋಣೆಯ ಒಲೆಯೂ, ಬಚ್ಚಲಲ್ಲಿ ಗ್ಯಾಸ್ ಗೀಸರೂ ಬಂದಿವೆ. ಹೊಗೆ ಕಾಣದ ಕಾರಣ ಇವು ನಿರಪಾಯವೆಂದು ಜನರು ಭಾವಿಸುತ್ತಾರೆ. ಇಲ್ಲಿಯೂ ದೀಪವನ್ನಿಟ್ಟು ನೋಡಿದರೆ ತಿಳಿಯದೇ ಎಂದು ಕೆಲವರು ಕೇಳುವರು. ತಿಳಿಯದು. ಈ ಕೋಣೆಯಲ್ಲಿ ಮನುಷ್ಯನು ಸಾಯುವಷ್ಟು ವಿಷವು ತುಂಬಿದ್ದರೂ ದೀಪವು ಚೆನ್ನಾಗಿಯೇ ಉರಿಯುತ್ತಿರಬಹುದು.

ಇದಕ್ಕೆ ಕಾರಣವು ಬೇರೊಂದು ವಾಯು. ಉರುವಲಿಗೆ ಬೇಕಾದಷ್ಟು ಗಾಳಿ ದೊರೆತರೆ ಅದು ಪೂರ್ಣವಾಗಿ ಉರಿದು ಇಂಗಾಲಾಮ್ಲವಾಗುತ್ತದೆ. ಗಾಳಿ ಸಾಲದೆ ಹೋದರೆ, ಅಥವಾ ಇದ್ದಲಿನಂತೆ ಒಳಗೊಳಗೇ ಕನಲುತ್ತಿದ್ದರೆ, ಇಂಗಾಲದ ಮಾನಾಕ್ಸೈಡೆಂಬ ವಾಯು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಉಸಿರಿನೊಡನೆ ಒಳಹೊಕ್ಕು, ರಕ್ತದ ಕೆಂಪು ಕಣಗಳಲ್ಲಿರುವ ವಸ್ತುವನ್ನು ಆಮ್ಲಜನಕಕ್ಕಿಂತ 200 ಪಾಲಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಆಗ ಎದೆ ಏರಿಳಿಯುತ್ತಿದ್ದರೂ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಹತ್ತು ಸಾವಿರ ಭಾಗ ಗಾಳಿಯಲ್ಲಿ ಇದು 4 ಭಾಗವಿದ್ದರೆ ಒಂದೆರಡು ಗಂಟೆಗಳಲ್ಲಿ ತಲೆನೋವು ಬರುವುದು. 16 ಭಾಗವಾದರೆ 20 ನಿಮಿಷದಲ್ಲಿ ತಲೆಸುತ್ತು, ಓಕರಿಕೆ; ಎರಡು ಗಂಟೆಗಳೊಳಗೆ ಪ್ರಾಣಾಪಾಯ. ಇಷ್ಟು ಅಲ್ಪ ಪ್ರಮಾಣವು ದೀಪದ ಉರಿಯನ್ನು ಸ್ವಲ್ಪವೂ ಕುಂದಿಸುವುದಿಲ್ಲ. ಇದರ ತೂಕವೂ ಗಾಳಿಯ ತೂಕದಷ್ಟೇ ಇರುವುದರಿಂದ ನೆಲದಿಂದ ಜಂತೆಯವರೆಗೆ ಸಮನಾಗಿ ಹರಡುತ್ತದೆ. ಕೆಳಗೆ ಮಲಗಿದವನಿಗೂ ಮಂಚದ ಮೇಲಿನವನಿಗೂ ವ್ಯತ್ಯಾಸವಿಲ್ಲ.

2020ನೆಯ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಬೆಟ್ಟದ ಊರಿನಲ್ಲಿ ಕೇರಳದಿಂದ ಹೋಗಿದ್ದ ಪ್ರವಾಸಿಗರು ಒಂದು ವಸತಿಗೃಹದಲ್ಲಿ ತಂಗಿದ್ದರು. ಚಳಿಗಾಗಿ ಕೋಣೆಯೊಳಗೆ ಅನಿಲದ ಒಲೆಯನ್ನು ಉರಿಸಿ, ಬಾಗಿಲು ಕಿಟಕಿಗಳನ್ನು ಒಳಗಿನಿಂದ ಹಾಕಿಕೊಂಡು ಮಲಗಿದರು. ಬೆಳಗಾಗುವುದರಲ್ಲಿ ಆ ಕೋಣೆಯಲ್ಲಿದ್ದ 8 ಮಂದಿಗೂ ಪ್ರಜ್ಞೆಯಿರಲಿಲ್ಲ, ಯಾರೂ ಉಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಕರ್ನಾಟಕದ ನಗರಗಳಲ್ಲಿಯೂ ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರು ಹಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಪ್ರಸಂಗಗಳು ಒಂದಲ್ಲ ಎರಡಲ್ಲ.

ಹಿಂದಿನವರು ಕೆಂಡವಿಟ್ಟುಕೊಂಡು ಬದುಕಲಿಲ್ಲವೇ ಎಂಬ ಆಕ್ಷೇಪಣೆ ಸಹಜವಾದುದು. ಹಿಂದಿನವರ ಮನೆ ಬೇರೆ. ಹೊಸಪೇಟೆ ಕಂಪ್ಲಿಗಳ ಹಳೆಯ ಮಾಳಿಗೆ ಮನೆಯಲ್ಲಿ ಮಣ್ಣಿನ ಮೇಲ್ಛಾವಣಿಗೆ ಬೆಳಕಿಂಡಿಯಿರುತ್ತಿತ್ತು. ಮಳೆ ಬಂದಾಗ ಮಾತ್ರ ಅದನ್ನು ಮುಚ್ಚುತ್ತಿದ್ದರು. ಹಲಗೆ ಬಾಗಿಲಿನ ಸಂದಿನಿಂದ ತಂಪುಗಾಳಿ ಒಳಬಂದು, ಬಿಸಿಗಾಳಿ ಮೇಲೇರಿ ಬೆಳಕಿಂಡಿಯಿಂದ ಹೊರಹೋಗುತ್ತಿತ್ತು. ಈಗ ಅದೇ ಸ್ಥಳದಲ್ಲಿ ಸಿಮೆಂಟಿನ ತಾರಸಿ, ಗಾಜಿನ ಕಿಟಕಿ, ಸಂದಿಲ್ಲದ ಬಾಗಿಲು ಬಂದಿವೆ. ಮನೆ ಬದಲಾಯಿತು, ಕೆಂಡವಿಡುವ ಅಭ್ಯಾಸ ಉಳಿಯಿತು. ಹಾಗೆಂದು ಹಳೆಯ ಮನೆಯಲ್ಲಿ ಅಪಾಯವಿರಲಿಲ್ಲವೆಂದು ತಿಳಿಯಬಾರದು. ಬೆಳಕಿಂಡಿಗೆ ಮಡಕೆ ಕವುಚಿದ ರಾತ್ರಿ ಅದೂ ಹಗೇವಿನಂತೆಯೇ ಸರಿ.

ಬೆಂಕಿಗೆ ಎಷ್ಟು ಗಾಳಿ ಬೇಕೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಕಿಲೋ ಅಡಿಗೆ ಅನಿಲವು ಪೂರ್ಣವಾಗಿ ಉರಿಯಲು ಸುಮಾರು 450 ಘನ ಅಡಿ ಗಾಳಿ ಬೇಕು. ಗಂಟೆಗೆ ಕಾಲು ಕಿಲೋ ಉರಿಸುವ ಸಾಧಾರಣ ಕೋಣೆಯ ಒಲೆಯು 110 ಘನ ಅಡಿಗಳಷ್ಟು ಗಾಳಿಯ ಸತ್ವವನ್ನು ತಿನ್ನುತ್ತದೆ. ಉದ್ದ ಅಗಲ ಎತ್ತರಗಳು ಹತ್ತತ್ತು ಅಡಿಯಿರುವ ಕೋಣೆಯಲ್ಲಿರುವುದು 1,000 ಘನ ಅಡಿ. ಹೊರಗಿನ ಗಾಳಿ ಬಾರದಿದ್ದರೆ ಎರಡೇ ಗಂಟೆಗಳಲ್ಲಿ ಐದರಲ್ಲೊಂದು ಪಾಲು ಮುಗಿಯಿತು. ಅಲ್ಲಿಂದ ಮುಂದೆ ಉರಿಯೂ ಕೆಡುತ್ತದೆ, ವಿಷವೂ ಹೆಚ್ಚುತ್ತದೆ. ಇದರ ಜೊತೆಗೆ ಆ ಕಾಲು ಕಿಲೋ ಅನಿಲದಿಂದ ಹೆಚ್ಚುಕಡಿಮೆ 400 ಗ್ರಾಮು ನೀರು ಆವಿಯಾಗಿ ಕೋಣೆಯನ್ನು ಸೇರುವುದೆಂಬುದನ್ನು, ಅದೇ ಕೋಣೆಯಲ್ಲಿ ಜೋಳದ ಚೀಲಗಳನ್ನು ಒಟ್ಟಿರುವ ಗೃಹಸ್ಥರು ಗಮನಿಸತಕ್ಕದ್ದು. ಬೂಷ್ಟು ಹಿಡಿಯಲು ಬೇರೆ ಕಾರಣ ಬೇಕಿಲ್ಲ.

ಇದ್ದಲಿನ ಕೆಂಡವನ್ನು ಮಲಗುವ ಕೋಣೆಯಲ್ಲಿ ಯಾವ ಏರ್ಪಾಟಿನಿಂದಲೂ ಇಡಕೂಡದು. ಅದು ಕನಲುವಾಗ ಬಿಡುವ ವಿಷಕ್ಕೆ ಒಂದು ಕಿಂಡಿ ಸಾಲದು. ಬೂದಿ ಮುಚ್ಚಿ ಆರಿದಂತೆ ಕಂಡ ಕೆಂಡವೂ ರಾತ್ರಿಯೆಲ್ಲ ವಿಷವನ್ನು ಬಿಡುತ್ತಲೇ ಇರುತ್ತದೆ. ಬಾಣಂತಿಯ ಕೋಣೆಯನ್ನು ಬೆಚ್ಚಗಿಡಬೇಕಾದರೆ ತಾಯಿಯೂ ಮಗುವೂ ಬೇರೆ ಕಡೆ ಇರುವಾಗ ಕೆಂಡವಿಟ್ಟು, ಗೋಡೆ ಹಾಸಿಗೆಗಳು ಕಾದ ಮೇಲೆ ಹೊರಗೆ ಒಯ್ದು, ಕಿಟಕಿ ಬಾಗಿಲುಗಳನ್ನು ತೆರೆದು ಗಾಳಿಯಾಡಿಸಿ, ಅನಂತರ ಅವರನ್ನು ಕರೆತರಬಹುದು. ಹಸುಗೂಸಿಗೂ ಗರ್ಭಸ್ಥ ಶಿಶುವಿಗೂ ಈ ವಿಷವು ದೊಡ್ಡವರಿಗಿಂತ ಬೇಗ ತಗಲುವುದರಿಂದ, ಮನೆಯ ಅಜ್ಜಿಯರಿಗೂ ಸೂಲಗಿತ್ತಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಈ ಮಾತನ್ನು ಗ್ರಾಮದ ಹಿರಿಯರೇ ತಿಳಿಸುವುದು ಉತ್ತಮ. ಹೊರಗಿನವರು ಹೇಳಿದರೆ ಹಿರಿಯ ಹೆಂಗಸರು ಒಪ್ಪುವುದು ಕಷ್ಟ.

ಅನಿಲದ ಒಲೆಯನ್ನು ಇಟ್ಟೇ ತೀರಬೇಕೆನ್ನುವವರು ಮೊದಲು ಹೊಗೆನಳಿಗೆಯುಳ್ಳ ಒಲೆ ದೊರೆಯುವುದೋ ವಿಚಾರಿಸಲಿ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಕೆಳಗಿನ ಉರಿಗೆ ಹೊಗೆಗೂಡನ್ನು ಕಟ್ಟಿಸುವ ಗೃಹಸ್ಥನು ಮಕ್ಕಳು ಮಲಗುವ ಕೋಣೆಯ ಉರಿಗೆ ಅದು ಬೇಡವೆನ್ನುವುದು ಯುಕ್ತವಲ್ಲ. ನಳಿಗೆಯಿಲ್ಲದ ಒಲೆಯಾದರೆ ಹೊರಗೋಡೆಯಲ್ಲಿ ನೆಲದ ಹತ್ತಿರ ಒಂದು, ಮೇಲ್ಛಾವಣಿಯ ಹತ್ತಿರ ಒಂದು, ಹೀಗೆ ಎರಡು ಕಿಂಡಿಗಳಿರತಕ್ಕದ್ದು. ಒಂದೊಂದೂ ಒಂದು ಗೇಣು ಅಗಲ, ಅರ್ಧ ಗೇಣು ಎತ್ತರಕ್ಕೆ ಕಡಿಮೆಯಿರಬಾರದು. ಅವಕ್ಕೆ ಕದವಿಡಬಾರದು, ಕದವಿದ್ದರೆ ಚಳಿಯ ರಾತ್ರಿಯಲ್ಲಿ ಯಾರಾದರೂ ಮುಚ್ಚಿಯೇ ಮುಚ್ಚುವರು. ಇಲಿ ಬಾರದಂತೆ ದೊಡ್ಡ ಕಣ್ಣಿನ ತಂತಿ ಜಾಲರಿ ಸಾಕು. ಸೊಳ್ಳೆಯ ಜಾಲರಿಯು ಧೂಳು ಕಟ್ಟಿ ಗಾಳಿಯನ್ನು ತಡೆಯುವುದು. ಕಿಂಡಿಗಳಿದ್ದರೂ ಮಲಗುವ ಮೊದಲು ಒಲೆಯನ್ನು ಆರಿಸಿ ಸಿಲಿಂಡರಿನ ಬಾಯಿ ಕಟ್ಟತಕ್ಕದ್ದು. ಉರಿಯು ನೀಲಿಯಾಗಿರಬೇಕು; ಹಳದಿಯಾಗಿ ಮಸಿ ಕಟ್ಟಿದರೆ ಅಂದಿನಿಂದಲೇ ನಿಲ್ಲಿಸಿ ತಿಳಿದವರಿಂದ ಶುಚಿಗೊಳಿಸಬೇಕು. ಹೊರದೇಶಗಳ ಕೆಲವು ಒಲೆಗಳಲ್ಲಿ ಕೋಣೆಯ ಆಮ್ಲಜನಕವು ನೂರಕ್ಕೆ 18 ಭಾಗಕ್ಕೆ ಇಳಿದಾಗ ತಾನಾಗಿ ಆರುವ ಸಾಧನವಿದೆ. ಅದೂ ಹಗೇವಿನ ದೀಪದಂತೆ ಆಮ್ಲಜನಕವನ್ನು ಅಳೆಯುವುದೇ ಹೊರತು ವಿಷವನ್ನು ಅಳೆಯುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಹೊಗೆನಳಿಗೆಯಿಲ್ಲದ ಒಲೆಗಳನ್ನು ವಾಸದ ಮನೆಗಳಲ್ಲಿ ನಿಷೇಧಿಸಿಯೇ ಇದೆ. ಮಾನಾಕ್ಸೈಡನ್ನೇ ಗುರುತಿಸಿ ಕೂಗುವ ಸಣ್ಣ ಯಂತ್ರಗಳು ಮಾರಾಟಕ್ಕಿವೆ. ಒಲೆ ಕೊಳ್ಳುವವರು ಅದನ್ನೂ ಕೊಳ್ಳಬೇಕು.

ಸೋರಿದ ಅಡಿಗೆ ಅನಿಲದ ಗುಣವು ಇದಕ್ಕೆ ವಿರುದ್ಧ. ಅದು ಗಾಳಿಗಿಂತ ಭಾರವಾದುದರಿಂದ ತಗ್ಗಿಗೆ ಹರಿಯುತ್ತದೆ. ಮನೆಯೊಳಗೆ ಅಥವಾ ಅಂಗಳದಲ್ಲಿ ಹಳೆಯ ಹಗೇವು ಇದ್ದರೆ ಅದರ ಹತ್ತಿರ ಸಿಲಿಂಡರನ್ನು ಇಡಕೂಡದು. ವಾಸನೆ ಬಂದರೆ ದೀಪದ ಗುಂಡಿಯನ್ನು ಒತ್ತದೆ, ಕಡ್ಡಿ ಗೀರದೆ, ಬಾಗಿಲು ತೆರೆದು ಹೊರಗೆ ಬಂದು 1906 ಎಂಬ ದೂರವಾಣಿ ಸಂಖ್ಯೆಗೆ ತಿಳಿಸಬೇಕು. ಗ್ಯಾಸ್ ಗೀಸರನ್ನು ಬಚ್ಚಲ ಹೊರಗೋಡೆಗೆ, ಬಯಲಿಗೆ ಜೋಡಿಸಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳಗೆ ತರತಕ್ಕದ್ದು. ಹಂಪಿಯಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವ ಮನೆಗಳವರು ಇದನ್ನು ವಿಶೇಷವಾಗಿ ಪಾಲಿಸಬೇಕು. ಬಂದವರಿಗೆ ಆ ಬಚ್ಚಲಿನ ಗುಣ ತಿಳಿದಿರುವುದಿಲ್ಲ. ಸಂಡೂರಿನ ಬೆಟ್ಟದ ಮೇಲಿನ ಊರುಗಳಲ್ಲಿ, ರಾಮನದುರ್ಗದಂಥ ಕಡೆ, ಚಳಿ ನಿಜವಾಗಿಯೂ ಹೆಚ್ಚು. ಹೊಸಪೇಟೆ ಕಂಪ್ಲಿಗಳ ಬಯಲಿನಲ್ಲಾದರೋ ಚಳಿಯು ಕೆಲವೇ ವಾರಗಳದ್ದು, ಅದಕ್ಕೆ ಎರಡು ಕಂಬಳಿ ಸಾಕು.

ಕೋಳಿಮರಿಗಳನ್ನು ಕಾವಿನಲ್ಲಿಡುವ ಕೊಟ್ಟಿಗೆಗಳಲ್ಲಿಯೂ ಇದೇ ವಿಷಯ. ಸುತ್ತಲೂ ಪರದೆ ಕಟ್ಟುವಾಗ ಮೇಲುಭಾಗದಲ್ಲಿ ಒಂದು ಗೇಣು ತೆರೆದಿಡಬೇಕು. ಕಾವಲಿನ ಆಳು ಒಳಗೆ ಬೆಚ್ಚಗಿದೆಯೆಂದು ಅಲ್ಲಿಯೇ ಮಲಗುವುದನ್ನು ಯಜಮಾನನು ಕಡ್ಡಾಯವಾಗಿ ತಡೆಯಬೇಕು. ಮರಿಗಳು ಕಾರಣವಿಲ್ಲದೆ ತೂಕಡಿಸಿ ಬೀಳುತ್ತಿದ್ದರೆ ಮೊದಲು ಪರದೆಯನ್ನು ಎತ್ತಿ, ಅನಂತರ ಔಷಧಿಯ ಮಾತಾಡಲಿ.

ಮನೆಯವರೆಲ್ಲರಿಗೂ ಏಕಕಾಲಕ್ಕೆ ತಲೆನೋವು, ಓಕರಿಕೆ, ಕಾಲುಗಳಲ್ಲಿ ಶಕ್ತಿಯಿಲ್ಲದಿರುವುದು ಕಂಡುಬಂದು, ಹೊರಗೆ ಬಂದೊಡನೆ ಕಡಿಮೆಯಾದರೆ ಅದನ್ನು ಪಿತ್ತವೆಂದಾಗಲಿ ಗಾಳಿ ಸೋಂಕೆಂದಾಗಲಿ ತಿಳಿಯದೆ ಒಲೆಯನ್ನು ಶಂಕಿಸಬೇಕು. ಬಿದ್ದವರನ್ನು ಎತ್ತಲು ಹೋಗುವವನು ಮೊದಲು ಬಾಗಿಲು ಕಿಟಕಿಗಳನ್ನು ಹೊರಗಿನಿಂದಲೇ ತೆರೆಯಿಸಿ ಅಥವಾ ಒಡೆಯಿಸಿ, ಉಸಿರು ಹಿಡಿದು ಒಳನುಗ್ಗಿ, ಒಬ್ಬೊಬ್ಬರನ್ನೇ ಬಯಲಿಗೆ ಎಳೆತರಬೇಕು. ಉಸಿರು ನಿಂತಿದ್ದರೆ ಬಲ್ಲವರು ಕೃತಕ ಉಸಿರಾಟ ಮಾಡಿಸಲಿ. ಕೂಡಲೇ 108ಕ್ಕೆ ತಿಳಿಸಿ ಆಸ್ಪತ್ರೆಗೆ ಸಾಗಿಸಬೇಕು. ಬರಿಯ ಗಾಳಿಯಲ್ಲಿ ರಕ್ತದ ವಿಷವು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುವುದು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಸಾಧಾರಣ ಮಾಪಕವು ಈ ವಿಷವಿದ್ದ ರಕ್ತವನ್ನೂ ಒಳ್ಳೆಯ ರಕ್ತವೆಂದೇ ತೋರಿಸುತ್ತದೆ. ಆದಕಾರಣ ರೋಗಿಯನ್ನು ಕರೆದೊಯ್ದವರು, ಮುಚ್ಚಿದ ಕೋಣೆಯಲ್ಲಿ ಕೆಂಡವೋ ಅನಿಲವೋ ಉರಿಯುತ್ತಿತ್ತು, ಇಷ್ಟು ಗಂಟೆ ಒಳಗಿದ್ದರು ಎಂಬ ಸಂಗತಿಯನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.